ಹೂ ಬೀಳುವ ಮುಂಚೆ

ಮೊಣಕಾಲಿನ ಕೆಳಗೆ ಕಾಲು ತೆಗೆಯದಿದ್ದರೆ ಜೀವಕ್ಕೇ ಅಪಾಯ ಎಂದು ಹೊಸಪೇಟೆಯ ಡಾಕ್ಟರು ಬೆಳಿಗ್ಗೆಯೇ ಹೇಳಿದ್ದರು. ಸಕ್ಕರೆ ಕಾಯಿಲೆ ಅವ್ವನಿಗೆ. ಹೆಬ್ಬೆರಳಲ್ಲಿ ಶುರುವಾದ ಹುಣ್ಣು ಪಾದವನ್ನೆಲ್ಲ ಕಪ್ಪಾಗಿಸಿ ಮೇಲಕ್ಕೆ ಹತ್ತುತ್ತಿತ್ತು. ಸಂಜೆಯೊಳಗೆ ಹೂಂ ಅನ್ನಿ, ನಾಳೆಗೆ ನಾನು ಗ್ಯಾರಂಟಿ ಕೊಡುವುದಿಲ್ಲ ಎಂದರು. ಅವ್ವ ಎಲ್ಲ ಕೇಳಿಸಿಕೊಂಡು, ಮನೆದೇವರ ಹತ್ತಿರ ಹೂ ಕೇಳಬೇಕು ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ವೀರಭದ್ರನ ಎರಡೂ ಭುಜಕ್ಕೆ ಪೂಜಾರಿ ಒದ್ದೆ ಹೂ ಅಂಟಿಸುತ್ತಾರೆ. ಬಲಭುಜದ್ದು ಮೊದಲು ಬಿದ್ದರೆ ಹೂಂ, ಎಡಭುಜದ್ದಾದರೆ ಬೇಡ. ಕಂಪ್ಲಿಯ ಅಕ್ಕಿ ಗಿರಣಿ ಮಾರಿದ್ದು, ನನ್ನ ತಮ್ಮ ಸಂಡೂರಿನ ಗಣಿ ಕೆಲಸಕ್ಕೆ ಸೇರಿದ್ದು, ಎಲ್ಲ ಆ ಹೂಗಳ ಅಪ್ಪಣೆಯೇ. ನನ್ನ ಮದುವೆಗೂ ಹೂ ಬಲಕ್ಕೇ ಬಿತ್ತು. ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಆದರೂ ಹೊರಟೆವು. ಕಾರನ್ನು ತಮ್ಮ ಓಡಿಸುತ್ತಿದ್ದ, ಅವ್ವ ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕಾಲು ಚಾಚಿದ್ದಳು. ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು. ಹಂಪಿ ರಸ್ತೆಯ ತುಂಬ ಟೂರಿಸ್ಟು ಬಸ್ಸು, ಕಬ್ಬಿನ ಟ್ರ್ಯಾಕ್ಟರು. ಮಲಪನಗುಡಿ ಬರುವವರೆಗೂ ನಾನು ಬಾಯಿ ಮುಚ್ಚಲಿಲ್ಲ. ಕಾಲು ಹೋದರೆ ಜೀವ ಉಳಿಯುತ್ತದೆ, ಒಪ್ಪುತ್ತೀಯಾ ಎಂದೆ, ಒಪ್ಪಿದಳು. ತಡ ಮಾಡಿದರೆ ಎರಡೂ ಹೋಗುತ್ತವೆ ಎಂದೆ, ಅದನ್ನೂ ಒಪ್ಪಿದಳು. ಹಾಗಾದರೆ ಇನ್ನೇನು ಕೇಳುವುದಿದೆ ಎಂದರೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಾರಣಗಳೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದರೂ ಬಾಯಿಂದ ಒಂದು ಹೂಂ ಬರುವುದಿಲ್ಲವೆಂದರೆ ಏನರ್ಥ ಎಂದು ನಾನು ಹಲ್ಲು ಕಡಿದೆ.

ಗುಡಿಯ ಮುಂದೆ ಕಾರು ನಿಂತ ಮೇಲೆ ಅವ್ವ ಮೆಲ್ಲಗೆ ಹೇಳಿದಳು.

"ನಾನ ಹೂಂ ಅಂದು ಕೆಟ್ಟದ್ದಾತಂದ್ರ ಯಾರನ್ನ ಬೈಲಿ? ದೇವರು ಅಂದ್ರ ಅವನ್ನರ ಬೈಬೌದು."

ಇಷ್ಟು ವರ್ಷ ನಾನು ಅದನ್ನು ಭಕ್ತಿ ಎಂದುಕೊಂಡಿದ್ದೆ.

ಪೂಜಾರಿ ಹೂ ಅಂಟಿಸಿ, ಕರ್ಪೂರ ಹಚ್ಚಿ ಪಕ್ಕಕ್ಕೆ ಸರಿದು ಕುಳಿತರು. ಗರ್ಭಗುಡಿಯ ಎದುರಿನ ಕಂಬಕ್ಕೆ ಅವ್ವನನ್ನು ತಮ್ಮ ಒರಗಿಸಿದ. ಕರ್ಪೂರ ಆರಿತು. ಹೂ ಅಲುಗಲಿಲ್ಲ. ಹೊರಗೆ ಬೇವಿನ ನೆರಳು ಉದ್ದವಾಗುತ್ತ ಬಾಗಿಲಿಗೆ ಬಂತು. ಆಸ್ಪತ್ರೆಯಿಂದ ತಮ್ಮನಿಗೆ ಫೋನು ಬಂತು, ಏನು ಮಾಡುತ್ತೀರಿ ಬೇಗ ಹೇಳಿ ಎಂದು. ಅವ್ವನ ತುಟಿಗಳು ಒಣಗಿ ಬಿರಿದಿದ್ದವು, ಕಣ್ಣು ಮಾತ್ರ ಹೂವಿನ ಮೇಲೆ. ಅದನ್ನೇ ನೋಡುತ್ತ ನೋಡುತ್ತ ಇವಳು ನಮ್ಮ ಕಣ್ಣೆದುರೇ ಹೋಗಿಬಿಡುತ್ತಾಳೆ ಎಂದು ನನಗೆ ಅನಿಸಿತು. ಗುಡಿಯ ಫ್ಯಾನಾದರೂ ಹಚ್ಚಿ ಎಂದು ಪೂಜಾರಿಗೆ ಹೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಸರ ಮಾಡಬ್ಯಾಡ್ರಿ ಎಂದು ಆ ಮನುಷ್ಯ ನನ್ನ ಮುಖ ನೋಡಿಯೇ ಹೇಳಿದರು.

ಆಗ ಅವ್ವ ಕಂಬದಿಂದ ಬೆನ್ನು ಎತ್ತಿದಳು.

"ಏಳಸಪ್ಪಾ ನನ್ನ. ಕಾಲು ನಂದು. ತಗಸ್ತೀನಿ, ನಡಿ."

ತಮ್ಮ ಅವಳನ್ನು ಕೂಸಿನ ಹಾಗೆ ಎದೆಗೆ ಎತ್ತಿಕೊಂಡ. ಅವಳು ಅವನ ಹೆಗಲ ಮೇಲೆ ಗದ್ದ ಊರಿದಳು. ಹೊಸ್ತಿಲು ದಾಟುತ್ತಿದ್ದ ಹಾಗೆ ಹಿಂದೆ ಗಂಟೆಯ ಸದ್ದಾಯಿತು. ಪ್ರಸಾದ ಆತು ನೋಡ್ರಿ, ಹೂ ಬಿತ್ತು ಎಂದು ಪೂಜಾರಿ ಕರೆದರು. ತಮ್ಮನ ಕಾಲು ಅಲ್ಲೇ ನಿಂತಿತು. ನಾನು ತಿರುಗಿದೆ. ಬಲಭುಜದ ಹೂ ಹಾಗೇ ಇತ್ತು. ಎಡಭುಜ ಖಾಲಿಯಾಗಿತ್ತು.

ಅವ್ವನಿಗೆ ಗೊತ್ತಾದರೆ ಮುಗಿಯಿತು, ಇನ್ನು ಆಪರೇಷನ್ ಇಲ್ಲ, ಅವ್ವನೂ ಇಲ್ಲ. ತಮ್ಮ ಹಿಂದಕ್ಕೆ ತಿರುಗುವುದರೊಳಗೆ ಅವನ ಬೆನ್ನಿಗೆ ಕೈಯಿಟ್ಟು ನೂಕಿದೆ. ಅವ್ವ ಹೆಗಲ ಮೇಲಿಂದಲೇ, ನಾ ಎದ್ದ ಮ್ಯಾಲೆ ಬಿದ್ದದ್ದು ನನಗಲ್ಲ, ನಡಿ ಎಂದಳು. ಕತ್ತಲಾಗುವ ಮುಂಚೆ ಅವಳನ್ನು ಥಿಯೇಟರಿನ ಒಳಗೆ ತೆಗೆದುಕೊಂಡು ಹೋದರು.

ಜೀವ ಉಳಿಯಿತು. ಆದರೆ ಆಮೇಲಿನ ದಿನಗಳು ಶತ್ರುವಿಗೂ ಬೇಡ. ಇಲ್ಲದ ಪಾದ ಉರಿಯುತ್ತದೆ, ಇಲ್ಲದ ಬೆರಳು ಸೆಳೆಯುತ್ತದೆ ಎಂದು ಅವ್ವ ಹಾಸಿಗೆಯಲ್ಲಿ ಹೊರಳಾಡಿದಳು. ನರ್ಸನ್ನು ಬೈದಳು, ತಮ್ಮನನ್ನು ಬೈದಳು, ಗಂಜಿಗೆ ಉಪ್ಪು ಹೆಚ್ಚಾಯಿತೆಂದು ನನ್ನ ಜನ್ಮ ಜಾಲಾಡಿದಳು. ವೀರಭದ್ರನಿಗೆ ಮಾತ್ರ ಒಂದು ಮಾತೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಎಲ್ಲರನ್ನೂ ಬೈದಿ, ಈ ಸಲ ದೇವರನ್ನು ಬೈಯುವುದಿಲ್ಲವೇನು ಎಂದು ಕೇಳಿಯೇಬಿಟ್ಟೆ.

ಅವ್ವ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು.

"ಅವನ್ನ್ಯಾಕ ಬೈಲಿ? ಅವ ಬ್ಯಾಡ ಅಂದಿದ್ದ. ಹೆಗಲ ಮ್ಯಾಲಿಂದ ನಾ ಕಣ್ಣಾರೆ ನೋಡೀನಲ್ಲ."

ದಿಂಬು ಸರಿಸು ಎಂದಳು, ಸರಿಸಿದೆ.