ಅಜ್ಜನ ಇಪ್ಪತ್ತೊಂದರಾಟ

ನಮ್ಮ ಅಜ್ಜ ಮಚ್ವೆಯ ತಂಡೇಲ. ಅಂದರೆ ಮುಂಬಯಿಗೆ ಹಂಚು ಹೇರಿಕೊಂಡು ಹೋಗುವ ಹಾಯಿದೋಣಿಗೆ ಅವನೇ ಯಜಮಾನ. ಅರಬ್ಬೀ ಸಮುದ್ರವನ್ನು ಹಿತ್ತಲಿನ ಹಾಗೆ ಬಲ್ಲ. ಹಿತ್ತಲನ್ನು ಅಷ್ಟು ಬಲ್ಲನೆಂದು ಹೇಳಲಾರೆ. ಅಲ್ಲಿ ಸಿಕ್ಕಿದರೆ ಅಜ್ಜಿ ಸೌದೆ ಒಡೆಯಲು ಹೇಳುತ್ತಿದ್ದಳು. ಮಳೆಗಾಲ ಬಂತೆಂದರೆ ಮಚ್ವೆಯನ್ನು ಹೊಳೆಯ ನಡುವಿನ ನಮ್ಮೂರು ಮಾವಿನಕುರ್ವೆಯ ದಡಕ್ಕೆ ಎಳೆದು, ತೆಂಗಿನ ಮಡಲು ಹೊದೆಸಿ, ಅಜ್ಜ ಜಗುಲಿ ಹತ್ತುತ್ತಿದ್ದ. ಅಲ್ಲಿಂದ ಮುಂದೆ ಸಮುದ್ರ ಶಾಂತವಾಗುವವರೆಗೆ ಮನೆಯಲ್ಲಿ ಇಸ್ಪೀಟು.

ಆಟ ಇಪ್ಪತ್ತೊಂದು. ಕೈಗೆ ಎರಡೆಲೆ ಬರುತ್ತದೆ, ಸಾಲದಿದ್ದರೆ ಮತ್ತೆ ಕೇಳಬಹುದು. ಇಪ್ಪತ್ತೊಂದರ ಹತ್ತಿರ ನಿಂತವನು ಗೆದ್ದ, ದಾಟಿದವನು ಸೋತ. ನಮ್ಮ ಮನೆಯಲ್ಲಿ ದಾಟಿದರೆ ‘ಮುಳುಗಿತು’, ಸಾಕು ಎನ್ನುವುದಕ್ಕೆ ‘ಲಂಗರು’. ಪಣಕ್ಕೆ ಗೇರುಬೀಜ. ಮುಂಬಯಿ ಬಂದರಿನಲ್ಲಿ ಹಡಗಿನ ಒಬ್ಬ ಬಿಳಿ ಖಲಾಸಿ ಅಜ್ಜನಿಗೆ ಕಲಿಸಿದ್ದಂತೆ. ಅವನಿಗೆ ಕನ್ನಡ ಬಾರದು, ಇವನಿಗೆ ಅವನ ಭಾಷೆ ಬಾರದು, ಪಾಠವೆಲ್ಲ ಬೆರಳಿನಲ್ಲೇ. ಅಜ್ಜ ಜೀವಮಾನದಲ್ಲಿ ಗಮನವಿಟ್ಟು ಕಲಿತ ಪಾಠ ಅದೊಂದೇ ಎಂದು ಅಜ್ಜಿ ಹೇಳುತ್ತಾಳೆ.

ಎಲೆಗಳ ಕಟ್ಟು ಭಟ್ಕಳದ ಅತ್ತರಂಗಡಿಯ ಸಾಹೇಬರು ಕೊಟ್ಟದ್ದು. ಅದನ್ನು ಬಿಚ್ಚಿದರೆ ಜಗುಲಿಯೆಲ್ಲ ಘಮಘಮ. ಅದಕ್ಕೆ ನಮ್ಮ ಒಣಮೀನಿನ ವಾಸನೆಯೂ ಸೇರಿ, ಆಟೀನ್ ರಾಣಿಗೂ ಬಂಗಡೆಗೂ ನಿಶ್ಚಿತಾರ್ಥ ನಡೆದ ಹಾಗೆ ಇರುತ್ತಿತ್ತು. ಆ ಸಾಹೇಬರಿಗೂ ಅಜ್ಜನಿಗೂ ಒಂದೇ ಜಗಳ, ಈ ಎಲೆ ಹುಟ್ಟಿದ್ದು ಎಲ್ಲಿ ಎಂದು.

“ಇದು ಅರಬರ ಕಡೆಯಿಂದ ಬಂದದ್ದು, ತಂಡೇಲರೇ,” ಎನ್ನುತ್ತಿದ್ದರು ಸಾಹೇಬರು.

“ಬಂದದ್ದು ಹೌದು. ಎಂತದ್ರಲ್ಲಿ ಬಂತು? ಒಂಟೆ ಮೇಲೆ ಬಂತಾ ಭಟ್ಕಳಕ್ಕೆ? ದೋಣಿಲೇ ಅಲ್ವಾ!”

ಆಟೀನು, ಕಳಾವರ ಎನ್ನುವುದೆಲ್ಲ ಡಚ್ಚರ ಮಾತು, ಮೆಣಸು ಒಯ್ಯಲು ಬಂದವರು ಬಿಟ್ಟುಹೋದದ್ದು ಎಂದು ಹೊನ್ನಾವರದ ನಮ್ಮ ಮಾಸ್ತರರು ಹೇಳಿದ್ದನ್ನು ನಾನೊಮ್ಮೆ ಜಂಬದಿಂದ ಒಪ್ಪಿಸಿದೆ. ಅಜ್ಜ ಯೋಚಿಸಿ, “ಮೆಣಸು ಒಯ್ದು ಎಲೆ ಕೊಟ್ರಾ? ಲಾಭ ನಮಗೇ ಆತು,” ಎಂದ.

ಅಜ್ಜನ ಎದುರಿಗೆ ಆಡುತ್ತಿದ್ದವಳು ನನ್ನ ಅಕ್ಕ. ಅವಳ ಮುಖ ನೋಡಿ ಎಲೆ ಊಹಿಸುವುದಕ್ಕಿಂತ ಕಲ್ಲುಚಪ್ಪಡಿ ನೋಡಿ ಊಹಿಸುವುದು ಸುಲಭ. ಅಜ್ಜ ದಿನಾ ಸೋಲುತ್ತಿದ್ದ, ದಿನಾ ಊಟದ ಕೈ ಒಣಗುವ ಮೊದಲೇ ಕರೆಯುತ್ತಿದ್ದ.

ಆ ವರ್ಷ ಅಕ್ಕ ಮೆಟ್ರಿಕ್ ಪಾಸಾದಳು. ಕುಮಟೆಯ ಕಾಲೇಜು ಸೇರಬೇಕು, ಅಲ್ಲೇ ಚಿಕ್ಕಮ್ಮನ ಮನೆಯಲ್ಲಿ ಇರಬೇಕು ಎಂದು ಅವಳ ಆಸೆ. ಅಜ್ಜ ಹೂಂ ಎಂದರೆ ಕಳಿಸುತ್ತೇನೆ ಎಂದ ಅಪ್ಪ. ಅಜ್ಜ ಹೂಂ ಎನ್ನಲೇ ಇಲ್ಲ.

“ಕುಮಟೆ ಬಸ್ಸಲ್ಲಿ ಹೊಟ್ಟೆ ತೊಳಸ್ತದೆ,” ಎಂದ. ತೆಂಗಿನಮರದೆತ್ತರದ ತೆರೆಯ ಮೇಲೆ ಕೂತು ಗಂಜಿ ಉಂಡವನ ಮಾತು ಇದು. ಮರುದಿನ ಕುಮಟೆಯ ನೀರು ಸರಿಯಿಲ್ಲ ಎಂದ. ಅದರ ಮರುದಿನ ಚಿಕ್ಕಮ್ಮನ ಸಾರಿಗೆ ಉಪ್ಪು ಜಾಸ್ತಿ ಎಂದ.

ಅಜ್ಜಿ ಒಳಗಿನಿಂದಲೇ ಕೂಗಿದಳು: “ನೀರೂ ಅಲ್ಲ, ಉಪ್ಪೂ ಅಲ್ಲ. ಇವಳು ಹೋದ್ರೆ ಇವ್ರ ಸಂಗ್ತಿಗೆ ಆಡೂಕೆ ಯಾರಿದ್ದಾರೆ? ಅದೇ ಹೊಟ್ಟೆನೋವು.”

ಅಜ್ಜ ಎಲೆ ಕಲಸತೊಡಗಿದ. ಕಾಲೇಜಿಗೆ ಹೆಸರು ಹಚ್ಚುವ ದಿನ ಹತ್ತಿರ ಬರುತ್ತಿತ್ತು. ಅಕ್ಕನನ್ನು ಪಾರುಮಾಡುವ ಗಂಡಸು ಮನೆಯಲ್ಲಿ ನಾನೊಬ್ಬನೇ ಎಂದು ನನಗೆ ಖಾತ್ರಿಯಾಯಿತು. ಅವಳ ಜಾಗದಲ್ಲಿ ನಾನು ಕೂರುತ್ತೇನೆ ಎಂದೆ.

“ನಿನ್ನ ಕೈಲಿ ಆಗ್ತದನಾ?” ಎಂದಳು ಅಕ್ಕ.

“ನನ್ನ ಕೈಲಿ ಆಗೂದಿಲ್ವಾ? ಅಜ್ಜ ಎದ್ದು ಕೈಮುಗೀಬೇಕು, ನೋಡು ಬೇಕಾರೆ.”

“ಒಳ್ಳೆ ಎಲೆ ಬಂದ್ರೆ ಹಲ್ಲುನೋವು ನೆನೆಸ್ಕೊ. ಮುಖ ಬಿಗಿಯಾಗಿರ್ತದೆ.”

ಊಟವಾದ ಮೇಲೆ ಅಜ್ಜನೆದುರು ಕೂತೆ. ಖಲಾಸಿಗಳ ಹಾಗೆ ಎಲೆಗಳನ್ನು ಕೈಯಿಂದ ಕೈಗೆ ಹಾರಿಸಿದೆ. ಬಹಳ ಚೆಂದ ಹಾರಿದವು. ಡೈಮನ್ ಗುಲಾಮ ಅಜ್ಜಿಯ ಮಜ್ಜಿಗೆ ಪಾತ್ರೆಯಲ್ಲಿ ಸಿಕ್ಕಿದ, ಇಸ್ಪೀಟು ಎಕ್ಕ ಬೆಕ್ಕಿನ ಬೆನ್ನ ಮೇಲೆ. ಆಮೇಲೆ ಆಟ. ಕೈಯಲ್ಲಿ ಇಪ್ಪತ್ತು ಬಂತು. ಹೊನ್ನಾವರದ ಅಷ್ಟೂ ಹಲ್ಲುನೋವನ್ನು ನೆನೆಸಿಕೊಂಡೆ.

“ಎಂತಾ ಮಗಾ, ಇಪ್ಪತ್ತು ಬಂತಾ?” ಎಂದ ಅಜ್ಜ.

“ಇಲ್ಲ ಅಜ್ಜಾ, ಹಲ್ಲುನೋವು.”

“ಹಲ್ಲುನೋವಿಗೆ ಕಿವಿ ಕುಣೀತದನಾ?”

ಒಳ್ಳೆ ಎಲೆ ಬಂದರೆ ನನ್ನ ಕಿವಿ ಆನೆಕಿವಿಯ ಹಾಗೆ ಬೀಸುತ್ತದಂತೆ, ನನಗೇ ತಿಳಿದಿರಲಿಲ್ಲ. ಕಿವಿಗೆ ಪಂಚೆ ಸುತ್ತಿಕೊಂಡೆ. ಮೂಗು ಉಬ್ಬಿತು ಎಂದ. ಮೂಗಿಗೂ ಸುತ್ತಿಕೊಂಡೆ. ಹುಬ್ಬು ಹೇಳಿತು ಎಂದ. ಕೊನೆಗೆ ಕಂಬದ ಹಿಂದೆ ಕೂತು ಆಡಿದೆ. ಕಾಲಿನ ಹೆಬ್ಬೆರಳು ಹೊರಗಿತ್ತು, ಅದನ್ನೂ ಓದಿದ. ನನ್ನ ಗೇರುಬೀಜವೆಲ್ಲ ಹೋಯಿತು. ಬೇಕಂತಲೇ ಸೋತೆ ಎಂದು ಈಗಲೂ ಹೇಳಿಕೊಂಡು ತಿರುಗುತ್ತಿದ್ದೇನೆ, ನಂಬುವವರು ಸಿಕ್ಕಿಲ್ಲ.

ಅಜ್ಜ ನಕ್ಕ ನಗೆಗೆ ಕೆಮ್ಮು ಬಂತು. ಅಜ್ಜಿ ಸೌಟು ಹಿಡಿದುಕೊಂಡೇ ಓಡಿಬಂದಳು.

“ಇವನ ಅಕ್ಕ ನಂಗೆ ಉಸಿರು ಬಿಡೂಕೆ ಬಿಟ್ಟಿದ್ದಿಲ್ಲ,” ಎಂದ ಅಜ್ಜ ಕಣ್ಣೊರೆಸಿಕೊಳ್ಳುತ್ತಾ. “ಗೆಲ್ಲೂದು ಇಷ್ಟು ರುಚಿ ಅಂತ ಮರ್ತೇ ಹೋಗಿತ್ತು.”

“ಹಂಗಾರೆ ಅಕ್ಕ ಹೋಗ್ಲಾ?” ಎಂದೆ.

ಅಜ್ಜ ಎಲೆಗಳನ್ನು ಒಟ್ಟು ಮಾಡಿದ, ನೆಲಕ್ಕೆ ಕುಟ್ಟಿ ನೇರ ಮಾಡಿದ. ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಕೇಳಿದ: “ಅಲ್ಲಿ ನೀ ಯಾರ ಸಂಗ್ತಿಗೆ ಆಡ್ತೆ?”

“ಯಾರೂ ಇಲ್ಲ ಅಜ್ಜಾ. ಓದೂದೇ.”

“ಬೇರೆಯವರ ಸಂಗ್ತಿಗೆ ಆಡಿದ್ದು ಗೊತ್ತಾತೋ, ನೋಡು ಮತ್ತೆ.”

“ಇಲ್ಲ.”

“ಆತು. ಹೋಗು.”

ಅಕ್ಕ ಒಳಗೆ ಹೋದವಳು ತಗಡಿನ ಪೆಟ್ಟಿಗೆ ಎತ್ತಿಕೊಂಡೇ ಹೊರಗೆ ಬಂದಳು. ಸೀರೆ, ಪುಸ್ತಕ ಎಲ್ಲ ತುಂಬಿ ಹಗ್ಗ ಬಿಗಿದಿತ್ತು. ಅಜ್ಜ ಬಾಯಿ ಬಿಟ್ಟುಕೊಂಡು ನೋಡಿದ.

“ಇದು ಯಾವಾಗ ಕಟ್ದೆ, ತಂಗೀ?”

“ರಿಸಲ್ಟ್ ಬಂದ ದಿನ.”

ಅಜ್ಜ ಹಗ್ಗದ ಗಂಟನ್ನು ಎಳೆದು ನೋಡಿದ. ಅದು ಅವನ ಮನಸ್ಸಿಗೆ ಬರಲಿಲ್ಲ. ಬಿಚ್ಚಿ, ಮಚ್ವೆಯವರು ಸರಕಿಗೆ ಹಾಕುವ ಗಂಟನ್ನು ತಾನೇ ಹಾಕಿ ಬಿಗಿದ. “ಬೆಳಿಗ್ಗೆ ಉಬ್ಬರ ಬೇಗ ಬರ್ತದೆ. ಹೊಳೆ ದಾಟೂಕೆ ದೋಣಿ ನಾನೇ ಹಾಕ್ತೆ,” ಎಂದು ಹೇಳಿ ಹುಟ್ಟು ಹುಡುಕಲು ಮಳೆಯಲ್ಲೇ ಹೊರಟ.