ಹುಣ್ಣಿಮೆಗೆ ಕಾದ ಮೊರ

ಹೆಂಡತಿಯ ವರ್ಷಾಬ್ದಿಕ ಮುಗಿದ ಮೇಲೆ ಅತ್ತೆ ಧಾರವಾಡಕ್ಕೆ ಹೊರಟು ನಿಂತರು. ಒಂದು ವರ್ಷ ವಿಜಯವಾಡದಲ್ಲಿ ನನಗೆ ಬೇಯಿಸಿ ಹಾಕಿ ಅವರೂ ದಣಿದಿದ್ದರು. ಹೋಗುವ ಮುಂಚೆ ಕೇಳಿದ್ದು ಒಂದೇ: ಮುತ್ತೈದೆಯಾಗಿ ಹೋದ ಮಗಳ ಹೆಸರಿನಲ್ಲಿ ಒಂದು ಬಾಗಿನವನ್ನು ಸಮುದ್ರಕ್ಕೆ ಬಿಡಬೇಕು. ಅದೂ ವಿಶಾಖಪಟ್ಟಣದಾಚೆಯ ಕೆಂಪು ಮಣ್ಣಿನ ದಿಬ್ಬಗಳ ಹತ್ತಿರ. ಬ್ಯಾಂಕು ನನ್ನನ್ನು ಆಂಧ್ರಕ್ಕೆ ವರ್ಗ ಮಾಡಿದಂದಿನಿಂದ ಅಲ್ಲಿಗೆ ಹೋಗೋಣವೆಂದು ಹೆಂಡತಿ ಹೇಳುತ್ತಲೇ ಇದ್ದಳು. ಹೋಗಿರಲಿಲ್ಲ.

ಎರಡನೇ ಶನಿವಾರದ ರಜೆ ನೋಡಿ ರೈಲಿಗೆ ಟಿಕೆಟ್ ಮಾಡಿಸಿದೆ.

ಆಟೋ ಇಳಿದು ದಿಬ್ಬಗಳ ನಡುವಿನ ಕೊರಕಲಿನಲ್ಲಿ ನಡೆದೆವು. ಎರಡೂ ಕಡೆ ಗೋಡೆಯಂತೆ ನಿಂತ ಕೆಂಪು ಮಣ್ಣು. ಮಳೆ ಕೊರೆದ ಗೆರೆಗಳು. ಅತ್ತೆಯ ಸೀರೆಯ ಅಂಚು ಕೆಂಪಾಯಿತು. ಕೊನೆಗೆ ಸಮುದ್ರ ಕಂಡಾಗ ಅವರು ದೂರದಲ್ಲೇ ನಿಂತರು.

"ಇವತ್ತ ತಿಥಿ ಏನ್ರೀ?"

ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ತಿಥಿ ನೋಡುತ್ತಿದ್ದವಳು ಅವಳು.

ಅತ್ತೆ ಬೆರಳು ಮಡಚಿ ಎಣಿಸಿದರು. "ಹುಣ್ಣಿಮಿ ನಾಡಿದ್ದ ಅದ. ಪರ್ವ ಇಲ್ಲದ ಸಮುದ್ರ ಮುಟ್ಟಬಾರದ್ರೀ."

ನಮ್ಮ ಹಿಂದೆಯೇ ಬಂದಿದ್ದ ಆಟೋದವನಿಗೆ ವಿಷಯ ಹೇಳಿದೆ. "ಸಮುದ್ರಾನಿಕಿ ಕೂಡಾ ಸೆಲವಾ, ಸಾರ್?" ಎಂದು ನಕ್ಕ. ಸಮುದ್ರಕ್ಕೂ ರಜೆಯೇ ಎಂದು. ನನಗೆ ನಗಲೂ ತ್ರಾಣವಿರಲಿಲ್ಲ.

"ಬ್ಯಾಂಕ್ ರಜಾ ನೋಡೀರಿ, ಪಂಚಾಂಗ ನೋಡಲಿಲ್ಲ," ಎಂದರು ಅತ್ತೆ. ಸಿಟ್ಟಿರಲಿಲ್ಲ. ಬಾಗಿನದ ಮೊರವನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕುಳಿತುಬಿಟ್ಟರು.

ಮ್ಯಾನೇಜರಿಗೆ ಫೋನ್ ಮಾಡಿ ಸೋಮವಾರಕ್ಕೆ ರಜೆ ಕೇಳಿದೆ. ಗೊಣಗಿ ಕೊಟ್ಟರು. ಲಾಡ್ಜಿನಲ್ಲಿ ನಾನು ಮಲಗಿಯೇ ಇದ್ದೆ. ಅತ್ತೆ ಕಿಟಕಿಯ ಹತ್ತಿರ ಕೂತು ಮೊರದೊಳಗಿನ ಹಸಿರು ಬಳೆ, ರವಿಕೆ ಕಣ, ಅರಿಶಿನ ಕುಂಕುಮದ ಪೊಟ್ಟಣಗಳನ್ನು ತೆಗೆದು ಮತ್ತೆ ಮತ್ತೆ ಜೋಡಿಸುತ್ತಿದ್ದರು.

ಹುಣ್ಣಿಮೆಯ ದಿನ ಅಲೆ ಜೋರಾಗಿತ್ತು. ಅತ್ತೆ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡು ಮೊರ ಬಿಟ್ಟರು. ಅಲೆ ಅದನ್ನು ದಡಕ್ಕೆ ತಂದು ಹಾಕಿತು. ಇನ್ನೊಮ್ಮೆ ಬಿಟ್ಟರು. ಮತ್ತೆ ಬಂತು.

"ನೋಡ್ರೀ, ಏನ ಕೊಟ್ಟರೂ ಮೊದಲ ಬ್ಯಾಡ ಅನ್ನಾಕಿ," ಎಂದು ಅವರು ಅಳುತ್ತಲೇ ನಕ್ಕರು. "ನನ್ನ ಕೈಲೆ ಆಗೂದಿಲ್ಲ. ನೀವಽ ಬಿಡ್ರಿ."

ಒದ್ದೆಯಾದ ಮೊರ ಎತ್ತಿಕೊಂಡು ಎದೆಮಟ್ಟದ ನೀರಿಗೆ ಇಳಿದೆ. ಅಲೆ ಹಿಂದೆ ಸರಿಯುವಾಗ ಕೈಬಿಟ್ಟೆ. ಮೊರ ಹೋಗಲಿಲ್ಲ. ಸ್ವಲ್ಪ ಹೊತ್ತು ನನ್ನ ಎದೆಗೆ ತಾಗಿಕೊಂಡೇ ತೇಲಿತು. ನಾನೇ ತಳ್ಳಬೇಕಾಯಿತು.