ಅಳತೆ ರವಿಕೆಗಳ ಪೆಟ್ಟಿಗೆ

ತಲೆ ಹಗುರವಾಗಿಟ್ಟುಕೊಂಡು ಕೆಲಸ ಮಾಡುವುದು ಹೇಗೆ ಎಂದು ಯಾರಾದರೂ ಹೇಳಿಕೊಡಲು ಬಂದರೆ ನನಗೆ ಮೈ ಉರಿಯುತ್ತದೆ. ಫೋನಿನಲ್ಲಿ ಅಂಥ ವಿಡಿಯೋ ಬಂದರೆ ಬೆರಳಲ್ಲಿ ಮೇಲಕ್ಕೆ ತಳ್ಳಿಬಿಡುತ್ತೇನೆ. ಅವರು ಹೇಳುವುದು ಸುಳ್ಳು ಎಂದಲ್ಲ. ಒಂದು ಹೊತ್ತಿಗೆ ಒಂದೇ ಕೆಲಸ ಹಿಡಿದರೆ ಕೈ ಓಡುತ್ತದೆ, ತಪ್ಪು ಕಡಿಮೆಯಾಗುತ್ತದೆ. ಇದನ್ನು ನಾನೇ ಮಾಡಿ ನೋಡಿದ್ದೇನೆ. ಆದರೆ ಆ ಮಾತು ಕೇಳಿದೊಡನೆ ಅದನ್ನು ನನಗೆ ಕಲಿಸಿದವಳ ಮುಖ ಕಣ್ಮುಂದೆ ಬರುತ್ತದೆ, ಆಮೇಲೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ನಾನು ರವಿಕೆ ಹೊಲಿಯುವವಳು. ಹುಟ್ಟಿ ಬೆಳೆದದ್ದು ಹಲಸೂರು, ಅಂಗಡಿ ಇರುವುದು ಲಿಂಗರಾಜಪುರದಲ್ಲಿ. ಅಂಗಡಿಯನ್ನು ನನ್ನ ಜೊತೆ ಸೇರಿ ಶುರು ಮಾಡಿದವಳು ನನ್ನ ಗೆಳತಿ. ಅವಳನ್ನು ಕೊಟ್ಟಿದ್ದು ಕಗ್ಗದಾಸಪುರದ ಹಳೇ ಮನೆತನಕ್ಕೆ. ಅವಳ ಮಾವ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಕಟ್ಟಡ ನಿಂತಿದೆ, ತುಂಬ ಬಾಡಿಗೆದಾರರು. ಅವಳಿಗೆ ಹೊಲಿಗೆ ಹೊಟ್ಟೆಪಾಡಾಗಿರಲಿಲ್ಲ, ನನಗೆ ಆಗಿತ್ತು. ಇಬ್ಬರೂ ಒಂದೇ ಟೈಲರಿಂಗ್ ಕ್ಲಾಸಿನಲ್ಲಿ ಕಲಿತವರು. ಅಲ್ಲಿ ನನ್ನ ಕತ್ತರಿ ಚೆನ್ನಾಗಿ ಓಡುತ್ತಿತ್ತು, ಅವಳ ನಾಲಿಗೆ ಚೆನ್ನಾಗಿ ಓಡುತ್ತಿತ್ತು. "ನಿನ್ನ ಕೈ, ನನ್ನ ಬಾಯಿ, ಇನ್ನೇನ್ ಬೇಕು ಕಣೆ ಅಂಗಡಿಗೆ?" ಎಂದು ಅವಳೇ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಮೊದಮೊದಲು ಅಂಗಡಿ ಸಂತೆಯ ಹಾಗಿತ್ತು. ಕತ್ತರಿಸಲು ಬಟ್ಟೆ ಹಾಸಿದರೆ ಸಾಕು, ಒಬ್ಬರು ಹುಕ್ಕು ಕಿತ್ತುಹೋಗಿದೆ ಎಂದು ಬರುತ್ತಿದ್ದರು, ಇನ್ನೊಬ್ಬರು ಇವತ್ತೇ ಕೊಡ್ತೀನಿ ಅಂದಿದ್ರಲ್ಲ ಎಂದು ಜಗಳ ತೆಗೆಯುತ್ತಿದ್ದರು. ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ತಮಿಳಿನಲ್ಲಿ ಒಬ್ಬರಿಗೆ, ಉರ್ದುವಿನಲ್ಲಿ ಇನ್ನೊಬ್ಬರಿಗೆ ಉತ್ತರ ಕೊಡುತ್ತಾ ಒಂದು ದಿನ ಮದುವೆ ರವಿಕೆಯ ಎರಡೂ ತೋಳುಗಳನ್ನು ಒಂದೇ ಕೈಗೆ ಕತ್ತರಿಸಿಬಿಟ್ಟೆ. ಜರಿಯಂಚಿನ ಬಟ್ಟೆ, ಬೇರೆ ತುಂಡು ಎಲ್ಲಿಂದ ತರುವುದು? ಕಟಿಂಗ್ ಟೇಬಲ್ಲಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಮದುಮಗಳ ಮನೆಯವರನ್ನು ಸಮಾಧಾನ ಮಾಡಿ ಕಳಿಸಿದವಳು ಅವಳೇ. ಅದನ್ನು ನಾನು ಇಲ್ಲ ಎನ್ನಲಾರೆ.

ಆ ಸಂಜೆ ಅವಳು ಹೇಳಿದಳು, "ನೋಡು, ಕಟಿಂಗ್‌ಗೆ ತಲೆ ತಿಳಿಯಾಗಿರ್ಬೇಕು. ಹೊಲಿಗೆ ತಪ್ಪಾದ್ರೆ ಬಿಚ್ಬೋದು, ಕತ್ತರಿಸಿದ್ದನ್ನ ಏನ್ಮಾಡ್ತೀಯ? ನಾಳೆಯಿಂದ ನೀನು ಒಳಗೆ, ನಾನು ಹೊರಗೆ. ಜನದ ತಲೆನೋವು ನಂಗಿರ್ಲಿ."

ಮಾರನೇ ದಿನ ಅಂಗಡಿಯ ಮಧ್ಯೆ ಒಂದು ಪರದೆ ಬಂತು. ಬೆಳಗ್ಗೆ ಬರೀ ಕಟಿಂಗ್, ಊಟವಾದ ಮೇಲೆ ಬರೀ ಹೊಲಿಗೆ. ಫೋನು ಅವಳ ಹತ್ತಿರ, ಗಿರಾಕಿ ಅವಳ ಹತ್ತಿರ. ಸಂಜೆ ಗಿರಾಕಿಗಳು ಹಾಕಿ ನೋಡಲು ಬರುವ ಹೊತ್ತಿಗೆ ನಾನು ಮನೆಗೆ ಹೊರಟುಬಿಡಬೇಕು, ದಣಿದ ತಲೆಗೆ ದೂರು ಬೀಳಬಾರದು ಎಂದು. ನಾನೂ ನನ್ನ ಕಡೆಯಿಂದ ಒಂದು ಕ್ರಮ ಸೇರಿಸಿದೆ. ಬಂದ ಬಟ್ಟೆಗಳನ್ನು ಬಣ್ಣದ ಪ್ರಕಾರ ವಿಂಗಡಿಸಿ, ಕೆಂಪೆಲ್ಲ ಒಟ್ಟಿಗೆ, ಹಸಿರೆಲ್ಲ ಒಟ್ಟಿಗೆ ಹೊಲಿಯತೊಡಗಿದೆ. ಮಷೀನಿನಲ್ಲಿ ಪದೇ ಪದೇ ದಾರ ಬದಲಿಸುವ ಕಾಟ ತಪ್ಪಿತು. ಈಗಲೂ ಹಾಗೇ ಹೊಲಿಯುತ್ತೇನೆ.

ಆ ವರ್ಷಗಳು ಸುಖವಾಗಿದ್ದವು ಎಂದು ಬರೆಯುವಾಗ ನನಗೇ ಸಿಟ್ಟು ಬರುತ್ತದೆ. ಆದರೂ ಸುಖವಾಗಿದ್ದವು. ಪರದೆಯ ಈಚೆ ಗುರುತು ಹಾಕುವ ಚಾಕ್‌ಪೀಸಿನ ಪುಡಿ ಬೀಳುವುದೂ ಕೇಳುವಷ್ಟು ನೆಮ್ಮದಿ. ರಾತ್ರಿ ಮಲಗಿದರೆ ನಾಳೆ ಯಾರಿಗೆ ಏನು ಕೊಡಬೇಕು ಎಂಬ ಯೋಚನೆಯೇ ಇಲ್ಲ. ಅಕ್ಕಪಕ್ಕದವರಿಗೆಲ್ಲ ಅವಳನ್ನು ಹೊಗಳಿದ್ದೇ ಹೊಗಳಿದ್ದು. ಒಡಹುಟ್ಟಿದವರೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ನನ್ನ ತಂಗಿಯ ಮುಂದೆಯೇ ಹೇಳಿ ಅವಳಿಂದ ಬೈಸಿಕೊಂಡಿದ್ದೇನೆ.

ಅಳತೆ ರವಿಕೆಯ ವಿಷಯ ಇಲ್ಲಿ ಹೇಳಬೇಕು. ನಮ್ಮ ಹೆಂಗಸರಿಗೆ ಟೇಪಿನ ಮೇಲೆ ಅಷ್ಟು ನಂಬಿಕೆಯಿಲ್ಲ. ಮೈಗೆ ಸರಿಯಾಗಿ ಕೂತ ಹಳೆಯದೊಂದು ರವಿಕೆ ತಂದುಕೊಟ್ಟು, ಹೀಗೇ ಇರಲಿ ಎನ್ನುತ್ತಾರೆ. ಅದೇ ಅಳತೆ ರವಿಕೆ. ಖಾಯಂ ಗಿರಾಕಿಗಳು ಅದನ್ನು ವಾಪಸು ಒಯ್ಯುವುದಿಲ್ಲ, ಅಂಗಡಿಯಲ್ಲೇ ಬಿಟ್ಟಿರುತ್ತಾರೆ. ಮುಂದಿನ ಹಬ್ಬಕ್ಕೆ ಬಟ್ಟೆ ಕಳಿಸಿದರೆ ಆಯಿತು, ಅವರು ಬರಬೇಕೆಂದೂ ಇಲ್ಲ. ಚೆನ್ನಾಗಿ ಕೂರುವ ರವಿಕೆ ಇರುವ ಅಂಗಡಿ ಬಿಟ್ಟು ಯಾವ ಹೆಂಗಸೂ ಸುಲಭವಾಗಿ ಬೇರೆ ಕಡೆ ಹೋಗುವುದಿಲ್ಲ. ನಮ್ಮ ಕಸುಬಿನಲ್ಲಿ ಅಳತೆ ರವಿಕೆ ಯಾರ ಹತ್ತಿರ ಇದೆಯೋ ಗಿರಾಕಿ ಅವರ ಹತ್ತಿರ.

ನಮ್ಮ ಕಪಾಟು ಅವುಗಳಿಂದ ತುಂಬಿ, ಮಷೀನಿನ ಕೆಳಗೂ ಗಂಟುಗಳು ಬಂದು ಕೂತಿದ್ದವು. ಒಂದು ಬೆಳಗ್ಗೆ ಅವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಇದನ್ನ ನೋಡ್ತಿದ್ರೇನೇ ತಲೆ ಚಿಟ್ಟು ಹಿಡಿಯುತ್ತೆ ಕಣೆ. ಕಣ್ಣೆದುರು ರಾಶಿ ಇದ್ರೆ ತಲೇಲೂ ರಾಶಿ ಇರುತ್ತೆ. ನಮ್ಮನೆ ಮೇಲ್ಗಡೆ ರೂಮು ಖಾಲಿ ಬಿದ್ದಿದೆ. ಅಲ್ಲಿಟ್ಟಿರ್ತೀನಿ. ಅವತ್ತಿನ ಕಟಿಂಗ್‌ಗೆ ಬೇಕಾಗಿರೋದನ್ನ ಮಾತ್ರ ಬೆಳಗ್ಗೆ ತಂದ್ಕೊಡ್ತೀನಿ, ಸಂಜೆ ವಾಪಸ್ ತಗೊಂಡ್ಹೋಗ್ತೀನಿ."

ಇಷ್ಟು ಒಳ್ಳೆಯ ಯೋಚನೆ ನನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡೆ. ಶಿವಾಜಿನಗರಕ್ಕೆ ಲೈನಿಂಗ್ ಬಟ್ಟೆ ತರಲು ಹೋದಾಗ ಒಂದು ದೊಡ್ಡ ತಗಡಿನ ಪೆಟ್ಟಿಗೆ ಕೊಂಡು ತಂದವಳೂ ನಾನೇ. ಎಲ್ಲವನ್ನೂ ಕೊಡವಿ, ಮಡಿಸಿ, ತುಂಬಿದೆ. ಆಟೋದವನ ಜೊತೆ ಒಂದು ಬದಿ ಹಿಡಿದು ಎತ್ತಿಟ್ಟೆ. ಖಾಲಿ ಕಪಾಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಬ್ಬಕ್ಕೆ ಮನೆ ಸಾರಿಸಿದಷ್ಟು ಖುಷಿಪಟ್ಟೆ. ಕೈಯಾರೆ ನನ್ನ ಅಂಗಡಿಯನ್ನು ಆಟೋ ಹತ್ತಿಸಿ ಟಾಟಾ ಮಾಡಿದೆ ಎಂದು ಈಗ ನನ್ನನ್ನೇ ಗೇಲಿ ಮಾಡಿಕೊಳ್ಳುತ್ತೇನೆ.

ಒಂದು ದಸರಾ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ಬರಲಿಲ್ಲ. ಫೋನು ಮಾಡಿದರೆ, "ಸೀಸನ್ ಮುಗೀತಲ್ಲ, ಒಂದ್ವಾರ ರೆಸ್ಟ್ ತಗೋ. ತಲೆಗೂ ರಜೆ ಬೇಕು," ಎಂದಳು. ನಾನು ತಗೊಂಡೆ. ಹಲಸೂರು ಕೆರೆಯ ಪಕ್ಕ ನಡೆದಾಡಿದೆ, ಮಷೀನಿಗೆ ಎಣ್ಣೆ ಬಿಟ್ಟೆ. ವಾರ ಕಳೆದರೂ ಸುದ್ದಿಯಿಲ್ಲದಾಗ, ಮೈ ಹುಷಾರಿಲ್ಲವೇನೋ ಎಂದು ಡಬ್ಬಿಯಲ್ಲಿ ತಿಳಿಸಾರು ತುಂಬಿಕೊಂಡು ಕಗ್ಗದಾಸಪುರಕ್ಕೆ ಹೋದೆ.

ಅವರ ಕಟ್ಟಡದ ಕೆಳಗೆ, ಬಾಡಿಗೆದಾರರ ಅಂಗಡಿಯಿದ್ದ ಜಾಗದಲ್ಲಿ ಹೊಸ ಗಾಜಿನ ಬಾಗಿಲು. ಒಳಗೆ ಒಂದು ಗೊಂಬೆ, ಅದರ ಮೈಮೇಲೆ ನಾನು ಕತ್ತರಿಸಿದ ರವಿಕೆ. ಬೆನ್ನಿನ ಆ ಎಲೆಯಾಕಾರ ನನ್ನದೇ, ಬೇರೆ ಯಾರೂ ಹಾಗೆ ತಿರುಗಿಸುವುದಿಲ್ಲ. ಗೋಡೆಯುದ್ದಕ್ಕೂ ಹ್ಯಾಂಗರುಗಳಲ್ಲಿ ನನ್ನ ಅಳತೆ ರವಿಕೆಗಳು ಸಾಲಾಗಿ ತೂಗುತ್ತಿದ್ದವು. ಇಬ್ಬರು ಹೊಸ ಟೈಲರುಗಳು ಮಷೀನಿನ ಮುಂದೆ ಕೂತಿದ್ದರು. ಅವಳು ಕೌಂಟರಿನ ಹಿಂದೆ ನಿಂತು ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತಿದ್ದಳು.

ನನ್ನನ್ನು ಕಂಡು ಬೆಚ್ಚಲಿಲ್ಲ. ಅದೇ ನನ್ನನ್ನು ಹೆಚ್ಚು ಸುಟ್ಟದ್ದು. "ಬಾ, ಕೂತ್ಕೋ," ಎಂದಳು.

"ನಂಗೆ ಒಂದ್ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿನ್ನ ತಲೆ ಕೆಡ್ತಿತ್ತು. ಕೈಲಿ ದಸರಾ ಕೆಲಸ ಬೇರೆ ಇತ್ತು. ಅದಕ್ಕೇ ಹೇಳಲಿಲ್ಲ." ಎಷ್ಟು ಅಕ್ಕರೆಯಿಂದ ಹೇಳಿದಳೆಂದರೆ, ಒಂದು ಗಳಿಗೆ ನಾನೇ ತಲೆಯಾಡಿಸಿಬಿಟ್ಟೆ. "ನೀನೂ ಇಲ್ಲಿಗೇ ಬಂದ್ಬಿಡು. ಬೆಳಗ್ಗೆ ಬಾ, ಕಟಿಂಗ್ ಮಾಡು, ಹೋಗು. ತಿಂಗಳಿಗಿಷ್ಟು ಅಂತ ಕೊಡ್ತೀನಿ. ನಿಂಗೆ ಗಿರಾಕಿ ಗಲಾಟೆ ಆಗಲ್ಲ ಅಂತ ನಂಗೊತ್ತಿಲ್ವಾ?"

"ಅಳತೆ ರವಿಕೆ ವಾಪಸ್ ಕೊಡು," ಎಂದೆ.

"ಯಾರ್ದು ಕೊಡ್ಲಿ? ಅವರಲ್ಲಿ ಒಬ್ರ ಮುಖನಾದ್ರೂ ನೋಡಿದ್ದೀಯಾ ನೀನು?"

ನಾನು ಗೋಡೆಯ ಕಡೆ ನೋಡಿದೆ. ಆ ನೀಲಿ ರವಿಕೆಯವಳ ಎಡಭುಜ ಬಲಕ್ಕಿಂತ ಇಳಿದಿದೆ. ಆ ಬಿಳಿ ರವಿಕೆಯವಳು ಹೆತ್ತ ಮೇಲೆ ದಪ್ಪಗಾಗಿ ಮತ್ತೆ ಇಳಿದಿದ್ದಾಳೆ. ಆ ಹಳದಿ ರವಿಕೆಯವಳಿಗೆ ಕಂಕುಳು ಬಿಗಿಯಾದರೆ ಆಗುವುದಿಲ್ಲ. ಒಬ್ಬೊಬ್ಬರ ಬೆನ್ನೂ ನನಗೆ ಗೊತ್ತಿತ್ತು. ಯಾರ ಮನೆ ಎಲ್ಲಿ, ಯಾರನ್ನು ಏನೆಂದು ಕರೆಯಬೇಕು, ಒಂದೂ ಗೊತ್ತಿರಲಿಲ್ಲ. ನನ್ನ ತಲೆ ಅಷ್ಟು ಚೊಕ್ಕಟವಾಗಿ ಖಾಲಿಯಾಗಿತ್ತು. ಸಾರಿನ ಡಬ್ಬಿಯನ್ನು ವಾಪಸು ತಂದೆ. ಅಷ್ಟಾದರೂ ಮಾಡಿದೆನಲ್ಲ ಎಂದು ಬಸ್ಸಿನಲ್ಲಿ ಸಮಾಧಾನ ಮಾಡಿಕೊಂಡೆ.

ಆಮೇಲೆ ನಾನೊಬ್ಬಳೇ ಅಂಗಡಿ ತೆರೆದೆ. ಪರದೆಯನ್ನು ಕಿತ್ತು ನೆಲ ಒರೆಸಲು ಹಾಕಿದೆ. ಬಾಗಿಲಿಗೆ ಮುಖ ಮಾಡಿ ಟೇಬಲ್ಲು ಎಳೆದುಕೊಂಡು ಕೂತೆ. ಅವಳು ಹೆಚ್ಚಿನವರಿಗೆ ಫೋನು ಮಾಡಿ ಹೊಸ ಜಾಗ ಹೇಳಿಬಿಟ್ಟಿದ್ದಳು. ಗೊತ್ತಿಲ್ಲದೆ ಬಂದ ಒಬ್ಬಿಬ್ಬರು ಹೊಸಿಲಲ್ಲೇ ನಿಂತು, "ಅವರಿಲ್ವಾ?" ಎಂದು ಕೇಳಿ ಹಾಗೇ ತಿರುಗಿದರು. ಕತ್ತರಿಸುತ್ತಿದ್ದದ್ದು ನಾನು ಎಂದು ಕೂಗಿ ಹೇಳಬೇಕೆನಿಸುತ್ತಿತ್ತು. ಹಾಗೆ ಬೀದಿಯಲ್ಲಿ ಕೂಗಲು ಆಗುತ್ತದೆಯೇ? ಒಬ್ಬಳಾದರೂ ಒಂದು ಒಳ್ಳೆಯ ಬಟ್ಟೆ ನನ್ನ ಕೈಗೆ ಕೊಟ್ಟರೆ ಸಾಕು, ಉಳಿದದ್ದನ್ನು ಕತ್ತರಿಯೇ ಹೇಳುತ್ತದೆ ಎಂದು ಕಾದೆ.

ಕೊನೆಗೆ ಕಲ್ಯಾಣ ನಗರದಿಂದ ಒಬ್ಬ ತಾಯಿ ಬಂದರು. ಹಿರಿಮಗಳ ಬಾಣಂತನಕ್ಕೆಂದು ಊರು ಬಿಟ್ಟಿದ್ದವರಿಗೆ ಈ ಸುದ್ದಿ ಯಾವುದೂ ತಲುಪಿರಲಿಲ್ಲ. ಕೈಯಲ್ಲಿ ಕಿರಿಮಗಳ ಮದುವೆಯ ರೇಷ್ಮೆ ಬಟ್ಟೆ, ಜೊತೆಗೆ ಅವಳ ಅಳತೆ ರವಿಕೆ.

"ಅವರು ಬೇರೆ ಕಡೆ ಅಂಗಡಿ ಮಾಡಿದ್ದಾರಮ್ಮ. ಇಲ್ಲಿ ಈಗ ನಾನು ನೋಡ್ಕೋತೀನಿ," ಎಂದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ನನ್ನ ಕಣ್ಮುಂದೆನೇ ಕತ್ತರಿಸಿ. ಮದುವೆ ಬಟ್ಟೆ, ತಪ್ತಿಳ್ಕೋಬೇಡಿ," ಎಂದು ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತರು.

ಜನರ ಮುಂದೆ ಕತ್ತರಿ ಹಿಡಿದು ಎಷ್ಟು ಕಾಲವಾಗಿತ್ತು. ಅವರು ಸುಮ್ಮನೆ ಕೂರುವವರೂ ಅಲ್ಲ. ಮೊಮ್ಮಗುವಿನ ಬಣ್ಣ, ಛತ್ರದ ಅಡುಗೆಯವರು, ಬೀಗರ ಬಿಗುಮಾನ, ಒಂದಾದ ಮೇಲೊಂದು ಹೇಳುತ್ತಲೇ ಹೋದರು. ರಸ್ತೆಯಲ್ಲಿ ನೀರಿನ ಟ್ಯಾಂಕರು ಹಾರನ್ ಒತ್ತುತ್ತಿತ್ತು. ನಾನು ಹೂಂ ಎನ್ನುತ್ತಾ, ನಡುವೆ ನಗುತ್ತಾ, ಗುರುತು ಹಾಕಿದೆ, ಕತ್ತರಿಸಿದೆ. ಬೆನ್ನಿನ ಭಾಗ ಎತ್ತಿ ನೋಡಿದರೆ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಅಷ್ಟು ವರ್ಷ ನನಗೆ ಆ ಪರದೆ ಬೇಕಾಗಿರಲಿಲ್ಲ ಎಂದು ಆಗ ತಿಳಿಯಿತು. ಅದು ಬೇಕಾಗಿದ್ದದ್ದು ಅವಳಿಗೆ.

ಆ ತಾಯಿಯೂ ಬೆನ್ನಿನ ಭಾಗವನ್ನು ಬೆಳಕಿಗೆ ಹಿಡಿದು ನೋಡಿ, ಮೆಚ್ಚಿಕೊಂಡು, ಇನ್ನಷ್ಟು ಹತ್ತಿರ ಬಂದು ಕೂತರು.

"ಅಲ್ಲಮ್ಮ, ಮೊದ್ಲು ಒಳಗೊಬ್ರು ಇರ್ತಿದ್ರಲ್ಲ, ಪರದೆ ಹಿಂದೆ? ಪಾಪ, ತಲೆ ಸರಿ ಇಲ್ದೋರು. ಅವರನ್ನ ಈಗ ಯಾರ್ ನೋಡ್ಕೋತಾರೆ?"

"ಯಾರು ಹಾಗಂದಿದ್ದು?"

"ಅವರೇ ಹೇಳ್ತಿದ್ರಲ್ಲ, ನಿಮ್ಮ ಹಳೇ ಓನರ್ರು. ಚಿಕ್ಕಂದಿನ ಸ್ನೇಹಿತೆ, ಜನ ಕಂಡ್ರೆ ಹೆದರ್ತಾಳೆ, ಮಾತಾಡ್ಸೋಕೆ ಹೋಗ್ಬೇಡಿ, ಸುಮ್ನೆ ಏನೋ ಹುಕ್ಕು ಕಾಜಾ ಅಂತ ಕೊಟ್ಟು ಕೂರಿಸಿರ್ತೀನಿ ಅಂತ. ಎಲ್ರಿಗೂ ಗೊತ್ತಿತ್ತು. ಎಂಥ ಒಳ್ಳೇ ಮನಸ್ಸು ನೋಡಿ ಅವರ್ದು."

ಅಂಗಡಿ ಕಿತ್ತುಕೊಂಡಾಗ ಬರದ ಅಳು ಆಗ ಬಂತು. ನುಂಗಿಕೊಂಡೆ. ಏನೂ ಹೇಳದೆ ಇದ್ದಿದ್ದರೆ ಆ ಕೆಲಸ ಸುಸೂತ್ರ ಮುಗಿಯುತ್ತಿತ್ತು, ಅವರು ನಾಲ್ಕು ಜನರಿಗೆ ನನ್ನ ಅಂಗಡಿ ತೋರಿಸುತ್ತಿದ್ದರು. ಆದರೆ ಸುಮ್ಮನಿದ್ದೂ ಸುಮ್ಮನಿದ್ದೂ ನನಗೆ ಸಾಕಾಗಿತ್ತು.

"ಅದು ನಾನೇ ಅಮ್ಮ," ಎಂದೆ. "ನಿಮ್ಮನೆ ರವಿಕೆ ಎಲ್ಲ ಕತ್ತರಿಸಿದ್ದೂ ನಾನೇ."

ಅವರು ನನ್ನ ಮುಖ ನೋಡಿದರು, ನನ್ನ ಕೈಯಲ್ಲಿದ್ದ ಕತ್ತರಿ ನೋಡಿದರು. ಆಮೇಲೆ ಮೆಲ್ಲಗೆ, ನನಗೆ ನೋವಾಗಬಾರದೆಂದು ನಗುತ್ತಲೇ, ಇನ್ನೂ ಕತ್ತರಿಸದೆ ಉಳಿದಿದ್ದ ರೇಷ್ಮೆಯ ಮೇಲೆ ಕೈಯಿಟ್ಟು ತಮ್ಮ ಕಡೆಗೆ ಎಳೆದುಕೊಂಡರು.